ಜೀವರಾಶಿ: ಯಾವ ರಾಶಿ, ಯಾವ ತೂಕ?

‘ಕೆರೆಯಲ್ಲಿ ಜೀವರಾಶಿ ಮಿತಿಮೀರಿದೆ, ಇದರಿಂದ ಅಲ್ಲಿನ ಜೀವರಾಶಿಗೆ ಕುತ್ತು ಬಂದಿದೆ.’ ಈ ಧಾಟಿಯ ವಾಕ್ಯ ಓದಿ ಓದಿ ಸಾಕಾಗಿದೆ. ಮೊದಲನೆಯ ಜೀವರಾಶಿ ತೇಲುವ ಕಳೆ. ಎರಡನೆಯದು ಮೀನು, ಕಪ್ಪೆ, ಹಕ್ಕಿ. ಬರೆದವರಿಗೆ ಗೊತ್ತಿರಬಹುದು, ಓದುವವರು ಏನು ಮಾಡಬೇಕು?

ಜೀವರಾಶಿ ನಮಗೆ ಹಳೇ ಪದ. ಸಕಲ ಜೀವರಾಶಿ ಅಂದರೆ ಇರುವೆಯಿಂದ ಆನೆಯವರೆಗೆ ಎಲ್ಲವೂ. ವಿಜ್ಞಾನದ ಬರವಣಿಗೆಯಲ್ಲಿ ಅದೇ ಪದವನ್ನು ಬಯೋಮಾಸ್‌ಗೂ, ಅಂದರೆ ಜೀವಿಗಳ ಒಟ್ಟು ತೂಕಕ್ಕೂ, ಬಳಸುತ್ತಾರೆ. ಇಲ್ಲಿನ ರಾಶಿ, ಭೌತಶಾಸ್ತ್ರದ ‘ದ್ರವ್ಯರಾಶಿ’ಯಲ್ಲಿರುವ ರಾಶಿ. ಅಂದರೆ ಅಳೆಯುವ ಪ್ರಮಾಣ, ಕಿಲೋಗ್ರಾಂನಲ್ಲಿ ಹೇಳುವಂಥದ್ದು. ಆದರೆ ಮಂಡ್ಯ ಕಡೆಯವರಿಗೆ ರಾಶಿ ಅಂದಕೂಡಲೇ ಕಣ್ಣಿಗೆ ಬರುವುದು ಕಣದಲ್ಲಿ ಗುಡ್ಡೆ ಹಾಕಿ ಪೂಜೆ ಮಾಡುವ ರಾಗಿ, ಭತ್ತ. ಹಾಗಾಗಿ ದಡದ ಮೇಲೆ ಕಳೆ ಗುಡ್ಡೆ ಬಿದ್ದಿದ್ದು ಕಂಡರೆ ಸಾಕು, ‘ಇಷ್ಟು ಟನ್ ಜೀವರಾಶಿ ತೆರವು’ ಅಂತ ಬರೆದುಬಿಡುತ್ತಾರೆ. ಜೈವಿಕ ರಾಶಿ ಅಂದರೂ ಆ ಗುಡ್ಡೆ ಕಣ್ಣಿಂದ ಹೋಗುವುದಿಲ್ಲ. ನಾನು ಬಯೋಮಾಸ್ ಅಂತಲೇ ಬರೆಯುತ್ತೇನೆ. ಕನ್ನಡಕ್ಕೇನೂ ನಷ್ಟವಿಲ್ಲ.

ಒಂದು ಜಾಗದಲ್ಲಿ, ಒಂದು ಹೊತ್ತಿನಲ್ಲಿ ಇರುವ ಜೀವಿಗಳ ತೂಕವೇ ಬಯೋಮಾಸ್. ಕೆರೆ ಕಳೆಯ ವಿಚಾರದಲ್ಲಿ ಒಂದು ಚದರ ಮೀಟರಿಗೆ ಎಷ್ಟು ಅಂತ ಹೇಳುತ್ತಾರೆ. ಅದು ಹಸಿ ತೂಕವೋ ಒಣ ತೂಕವೋ ಅನ್ನುವುದನ್ನೂ ಹೇಳಲೇಬೇಕು. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ.

ನಮ್ಮ ಕೆರೆಗಳನ್ನು ಮುಚ್ಚುವ ವಾಟರ್ ಹಯಸಿಂತ್ ಗೊತ್ತಲ್ವಾ, ತೊಟ್ಟು ಊದಿಕೊಂಡು ನೇರಳೆ ಹೂ ಬಿಡುವ ಗಿಡ. (ಇದನ್ನು ಅಂತರಗಂಗೆ ಅನ್ನುವವರಿದ್ದಾರೆ. ಅಂತರಗಂಗೆ ಎಲೆಕೋಸಿನ ಥರ ಕಾಣುವ ಬೇರೆ ಗಿಡ. ಆ ಜಗಳ ಇನ್ನೊಂದು ದಿನಕ್ಕಿರಲಿ.) ಅಮೆಜಾನ್ ಸೀಮೆಯಿಂದ ಬಂದ ಈ ಗಿಡದಲ್ಲಿ ನೂರಕ್ಕೆ ಸುಮಾರು 95 ಪಾಲು ನೀರು. ದಟ್ಟವಾಗಿ ಹಬ್ಬಿದ ಕಡೆ ಚದರ ಮೀಟರಿಗೆ 20–30 ಕಿಲೋ ಹಸಿ ತೂಕ ಸಿಗುತ್ತದೆ. ಅದನ್ನು ಓವನ್ನಿನಲ್ಲಿಟ್ಟು, ತೂಕ ಇನ್ನು ಇಳಿಯುವುದಿಲ್ಲ ಅನ್ನುವವರೆಗೆ ಒಣಗಿಸಿದರೆ ಉಳಿಯುವುದು ಒಂದು, ಒಂದೂವರೆ ಕಿಲೋ. ಭತ್ತ ಖರೀದಿ ಕೇಂದ್ರದಲ್ಲಿ ತೇವಾಂಶ ಶೇ 17 ದಾಟಿದರೆ ಚೀಲ ತೆಗೆದುಕೊಳ್ಳುವುದಿಲ್ಲ. ಅಲ್ಲಿ ಇಷ್ಟು ಲೆಕ್ಕ ಗೊತ್ತಿರುವ ನಾವು, ಶೇ 95 ನೀರಿರುವ ಕಳೆಯನ್ನು ಮಾತ್ರ ಟನ್‌ಗಟ್ಟಲೆ ಅಂತ ಬೆರಗಾಗಿ ನೋಡುತ್ತೇವೆ.

ಹತ್ತು ಟನ್ನಿನ ಒಂದು ಲಾರಿ ಲೋಡ್ ತೆಗೆದುಕೊಳ್ಳಿ. ಅದರಲ್ಲಿ ಒಂಬತ್ತೂವರೆ ಟನ್ ಕೆರೆ ನೀರೇ. ಒಣ ತೂಕ 500 ಕಿಲೋ. ಅದರಲ್ಲಿ ಶೇ 2ರಷ್ಟು ಸಾರಜನಕ (ಗಿಡಕ್ಕೆ ಗೊಬ್ಬರವಾಗುವಂಥದ್ದು) ಅಂತ ಹಿಡಿದರೆ 10 ಕಿಲೋ. ಸುಮಾರು ಸಾವಿರ ಜನರ ಮನೆಗಳ ಕೊಳಚೆ ಅಷ್ಟೇ ಸಾರಜನಕವನ್ನು ಒಂದು, ಒಂದೂವರೆ ದಿನದಲ್ಲಿ ಕೆರೆಗೆ ತಂದು ಸುರಿಯುತ್ತದೆ. ಮೈಸೂರಿನ ದಳವಾಯಿ ಕೆರೆಯಂಥ ಕಡೆ ವರ್ಷ ವರ್ಷ ಕಳೆ ತೆಗೆದರೂ ಮತ್ತೆ ಯಾಕೆ ಬರುತ್ತದೆ ಅಂತ ಕೇಳುವವರು ಈ ಲೆಕ್ಕ ಹಾಕಿ ನೋಡಬೇಕು. ಟನ್ನಿಗಿಷ್ಟು ಅಂತ ಗುತ್ತಿಗೆ ಕೊಡುವುದಂತೂ ನೀರು ಹೊರಲು ದುಡ್ಡು ಕೊಟ್ಟ ಹಾಗೆ. ದಡದಲ್ಲಿ ಎರಡು ದಿನ ಸೋರಲು ಬಿಟ್ಟು ಸಾಗಿಸಿದರೆ ಖರ್ಚು ಕಡಿಮೆ. ಆದರೆ ಅಲ್ಲೇ ಬಿಟ್ಟು ಕೊಳೆಸಿದರೆ ಸಾರಜನಕ, ರಂಜಕ ಎರಡೂ ಮಳೆ ನೀರಿನ ಜೊತೆ ವಾಪಸ್ ಕೆರೆಗೇ ಇಳಿಯುತ್ತವೆ.

‘ಪೋಷಕಾಂಶ ಸಮೃದ್ಧ ನೀರು’ ಅನ್ನುವುದೂ ಹೀಗೇ ಕಿವಿಗೆ ಹಿತವಾಗಿ ಕೇಳುತ್ತದೆ. ಚರಂಡಿ ನೀರು, ಗದ್ದೆಯಿಂದ ಹರಿದ ಗೊಬ್ಬರ ಅಂತ ಓದಿಕೊಳ್ಳಿ.

ಇನ್ನು ಬಯೋಮಾಸ್ ಬೇರೆ, ಬೆಳವಣಿಗೆ ಬೇರೆ. ಈಗ ಎಷ್ಟಿದೆ ಅನ್ನುವುದು ಬಯೋಮಾಸ್. ದಿನಕ್ಕೆ ಎಷ್ಟು ಸೇರುತ್ತಿದೆ ಅನ್ನುವುದು ಬೆಳವಣಿಗೆ. ಕೆರೆ ಪೂರ್ತಿ ಮುಚ್ಚಿದಾಗ ಬಯೋಮಾಸ್ ತುತ್ತತುದಿಯಲ್ಲಿರುತ್ತದೆ, ಬೆಳವಣಿಗೆ ಮಾತ್ರ ನಿಧಾನವಾಗಿರುತ್ತದೆ. ಹೊಸ ಎಲೆ ಬಂದಷ್ಟೇ ಹಳೆ ಎಲೆ ನೆರಳಲ್ಲಿ ಕೊಳೆಯುತ್ತದೆ. ಗಿಡ ಜೋರಾಗಿ ಬೆಳೆಯುವುದು ಮೈ ಚಾಚಲು ಜಾಗ ಸಿಕ್ಕಾಗ. ಬಿಸಿಲು, ಕೊಳಚೆ ಎರಡೂ ಇದ್ದರೆ ಒಂದೆರಡು ವಾರದಲ್ಲಿ ದುಪ್ಪಟ್ಟಾಗುತ್ತದೆ. ಬೀಜವೂ ಬೇಕಿಲ್ಲ, ಹಂಬು ಬಿಟ್ಟು ಪಕ್ಕದಲ್ಲೇ ಮರಿ ಹಾಕುತ್ತದೆ. ಅರ್ಧ ಕೆರೆ ತೆಗೆದು ಫೋಟೊ ತೆಗೆಸಿಕೊಂಡು ಹೋದರೆ, ಉಳಿದ ಅರ್ಧಕ್ಕೆ ನಾವೇ ಜಾಗ ಮಾಡಿಕೊಟ್ಟಂತೆ. ಪೂರ್ತಿ ಕಿತ್ತರೂ ಕೆಸರಲ್ಲಿ ಬೀಜ ಇರುತ್ತದೆ, ಹದಿನೈದು ವರ್ಷ ದಾಟಿಯೂ ಮೊಳೆಯಬಲ್ಲದು.

ಬೇರಿನ ವಿಚಾರ ಒಂದಿದೆ. ಎಲೆ ಮಾತ್ರ ಕೊಯ್ದು ತೂಗಿ ಅದನ್ನೇ ಬಯೋಮಾಸ್ ಅನ್ನುವಂತಿಲ್ಲ, ನೀರೊಳಗೆ ಇಳಿಬಿದ್ದ ಬೇರೂ ಲೆಕ್ಕಕ್ಕೆ ಬರಬೇಕು. ಪೋಷಕಾಂಶ ಕಡಿಮೆ ಇರುವ ಬಡ ನೀರಿನಲ್ಲಿ ಗಿಡ ಸಣ್ಣದಾಗಿದ್ದು ಬೇರು ಉದ್ದ ಇಳಿಬಿಡುತ್ತದೆ. ಕೊಳಚೆ ತುಂಬಿದ ಕಡೆ ಎಲೆ ಎತ್ತರ, ಬೇರು ಗಿಡ್ಡ. ನಂಜನಗೂಡಿನ ಕಪಿಲೆಯಲ್ಲೋ ಶ್ರೀರಂಗಪಟ್ಟಣದ ಕಾವೇರಿಯಲ್ಲೋ ಈ ಗಿಡ ಸಿಕ್ಕರೆ ಮೇಲಕ್ಕೆತ್ತಿ ಬೇರು ನೋಡಿ. ಆ ನೀರಿಗೆ ಎಷ್ಟು ಚರಂಡಿ ಸೇರುತ್ತಿದೆ ಅನ್ನುವ ಅಂದಾಜು ಅಲ್ಲೇ ಸಿಗುತ್ತದೆ.