ಎಂಟು ಅಕ್ಷರ, ಹದಿನಾರು ತುಂಡು: ಕನ್ನಡ ಬೋರ್ಡಿನ ಲೆಕ್ಕ

ಇಂಗ್ಲಿಷ್ ದೊಡ್ಡಕ್ಷರಗಳ ಹೆಸರಾದರೆ ಬೋರ್ಡಿನ ಮೇಲೆ ಎರಡು ಗೆರೆ ಹೊಡೆದು ಕೆಲಸ ಶುರುಮಾಡಬಹುದು, ತಲೆಗೊಂದು ಪಾದಕ್ಕೊಂದು. ಕನ್ನಡಕ್ಕೆ ನಾಲ್ಕು ಗೆರೆ ಬೇಕು. ಗುಡಿಸು ಮತ್ತು ಅರ್ಧಾಕ್ಷರದ ಸುಳಿ ಎಲ್ಲಿಯವರೆಗೆ ಏರುತ್ತವೆ ಎಂಬುದಕ್ಕೆ ಒಂದು, ತಲೆಕಟ್ಟಿಗೆ ಒಂದು, ಒಡಲಿನ ತಳಕ್ಕೆ ಒಂದು, ಒತ್ತು ಇಳಿದು ನಿಲ್ಲುವ ಜಾಗಕ್ಕೆ ಒಂದು. ಊರಿನ ಬೋರ್ಡುಗಳಲ್ಲಿ ಕಾಣುವ ಅರ್ಧಕ್ಕರ್ಧ ಎಡವಟ್ಟುಗಳು ಈ ನಾಲ್ಕನೆಯ ಗೆರೆಯನ್ನು ಮರೆತದ್ದರಿಂದ ಆದವು. ಒತ್ತು ಚೌಕಟ್ಟಿಗೆ ತಾಗುತ್ತದೆ, ಇಲ್ಲವೇ ಕೆಳಗಿನ ಫೋನ್ ನಂಬರಿನ ಮೇಲೆ ಕಾಲಿಡುತ್ತದೆ, ಇಲ್ಲವೇ ಕುಗ್ಗಿ ಕುಗ್ಗಿ ಚುಕ್ಕೆಯಾಗುತ್ತದೆ.

2024ರ ತಿದ್ದುಪಡಿಯ ಬಳಿಕ ಕರ್ನಾಟಕದಲ್ಲಿ ನಾಮಫಲಕದ ಶೇ 60 ಭಾಗ ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿ. ಇಂಗ್ಲಿಷ್ ಹೆಸರಿನ ಕೆಳಗೆ ಪುಟ್ಟದಾಗಿ ಕನ್ನಡ ಬರೆದು ಮುಗಿಸುತ್ತಿದ್ದವರು ಈಗ ಕನ್ನಡವನ್ನೇ ಮುಖ್ಯ ಸಾಲಾಗಿ ಕೂರಿಸಬೇಕಾಗಿದೆ. ಹಾಗಾಗಿ ಎತ್ತರದ ಲೆಕ್ಕ ಹಿಂದಿಗಿಂತ ಹೆಚ್ಚು ಮುಖ್ಯವಾಗಿದೆ.

ಒಂದು ಉದಾಹರಣೆ ನೋಡೋಣ. 8 ಅಡಿ ಅಗಲ, 3 ಅಡಿ ಎತ್ತರದ ಬೋರ್ಡು. ಹೆಸರು ‘ಶ್ರೀ ಲಕ್ಷ್ಮೀ ಎಲೆಕ್ಟ್ರಿಕಲ್ಸ್’. 36 ಇಂಚಿನಲ್ಲಿ ಶೇ 60 ಅಂದರೆ 21.6 ಇಂಚು ಕನ್ನಡಕ್ಕೆ. ಮೇಲೆ 2 ಇಂಚು ಅಂಚು, ಕೆಳಗಿನ ಸಾಲಿಗೂ ಇದಕ್ಕೂ ನಡುವೆ 1 ಇಂಚು ತೆರಪು ಕಳೆದರೆ 18.6 ಉಳಿಯಿತು. ಒಡಲಿನ ಎತ್ತರ 1 ಎಂದು ಇಟ್ಟುಕೊಂಡರೆ ಮೇಲಿನ ಗುಡಿಸು, ಸುಳಿಗೆ ಸುಮಾರು 0.35, ಕೆಳಗಿನ ಒತ್ತಿಗೆ 0.6 ಬೇಕು, ಒಟ್ಟು 1.95. ಹಾಗಾದರೆ ಒಡಲು ಸುಮಾರು 9.5 ಇಂಚು. ಇದೇ ಜಾಗದಲ್ಲಿ ಇಂಗ್ಲಿಷ್ ಅಕ್ಷರ 18 ಇಂಚು ನಿಲ್ಲುತ್ತಿತ್ತು! ‘ಕನ್ನಡ ಯಾಕೆ ಸಣ್ಣಗೆ ಕಾಣುತ್ತೆ’ ಎಂದು ಗಿರಾಕಿ ಕೇಳುವುದು ಇದಕ್ಕೇ. ಉತ್ತರವನ್ನು ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಕಾಗದದ ಮೇಲೆ ತೋರಿಸಿಬಿಡುವುದು ಕ್ಷೇಮ.

ಇನ್ನು ಅಗಲ. ಎಂಟು ಅಕ್ಷರ, ಒಂದೊಂದಕ್ಕೆ ಒಡಲಿಗಿಂತ ತುಸು ಹೆಚ್ಚು ಅಂದರೆ 10.5 ಇಂಚು ಹಿಡಿದರೆ 84. ಎರಡು ದೀರ್ಘಕ್ಕೆ 10, ಪದಗಳ ನಡುವಿನ ಎರಡು ತೆರಪಿಗೆ 10. ಒಟ್ಟು 104 ಇಂಚು. ಬೋರ್ಡು ಇರುವುದೇ 96. ಈಗ ಅಕ್ಷರಗಳನ್ನು ಅಡ್ಡಕ್ಕೆ ಅಮುಕಿ ತೂರಿಸುವುದು ಸುಲಭದ ದಾರಿ, ಆದರೆ ಕೆಟ್ಟ ದಾರಿ. ಗುಂಡಗಿನ ಅಕ್ಷರ ಅಮುಕಿದರೆ ಮೊಟ್ಟೆಯಾಗುತ್ತದೆ, ಒಳಗಿನ ಬಯಲು ಮುಚ್ಚಿಹೋಗುತ್ತದೆ. ಒಡಲನ್ನು 8 ಇಂಚಿಗೆ ಇಳಿಸಿದರೆ ಸಾಲು 88 ಇಂಚಿನೊಳಗೆ ಬರುತ್ತದೆ, ಎರಡೂ ಬದಿ 4 ಇಂಚು ಅಂಚು ಸಿಗುತ್ತದೆ. ಒಂದು ಇಂಚು ಎತ್ತರಕ್ಕೆ ಹತ್ತು ಅಡಿ ದೂರ ಎಂಬ ಸೂತ್ರ ಇಂಗ್ಲಿಷಿನದು. ಕನ್ನಡಕ್ಕೆ ಎಂಟು ಅಡಿ ಎಂದು ಹಿಡಿಯುವುದು ಒಳ್ಳೆಯದು. 8 ಇಂಚಿನ ಒಡಲು 64 ಅಡಿಯಿಂದ ಸರಾಗವಾಗಿ ಓದಿಸಿಕೊಳ್ಳುತ್ತದೆ, 40 ಅಡಿ ರಸ್ತೆಗೆ ಧಾರಾಳ.

ದೂರದಿಂದ ಮೊದಲು ಅಳಿಯುವುದು ಮಹಾಪ್ರಾಣದ ಸೀಳು. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ, ಈ ಜೋಡಿಗಳ ನಡುವೆ ಇರುವ ವ್ಯತ್ಯಾಸ ತಳದಲ್ಲಿನ ಆ ಸಣ್ಣ ಗೀರು ಮಾತ್ರ. ಹಾಗೆಯೇ ವ ತಲೆ ಮುಚ್ಚಿದ ಅಕ್ಷರ, ಪ ತಲೆ ತೆರೆದದ್ದು. ಆ ತೆರಪು ಬಣ್ಣ ತುಂಬಿಕೊಂಡರೆ ‘ಪವನ್’ ಹೋಗಿ ‘ವವನ್’ ಆಗುತ್ತದೆ. ಆದ್ದರಿಂದ ಗೆರೆಯ ದಪ್ಪ ಒಡಲಿನ ಐದನೇ ಒಂದು ಭಾಗ ದಾಟಬಾರದು. 8 ಇಂಚಿಗೆ ಒಂದೂಕಾಲರಿಂದ ಒಂದೂವರೆ ಇಂಚು. ದಪ್ಪ ಕಂಡರೆ ಗಟ್ಟಿ ಎಂದು ಗಿರಾಕಿ ಒತ್ತಾಯಿಸುತ್ತಾನೆ. ಣ, ಈ, ಜ್ಞ ಬರುವ ಹೆಸರಿನಲ್ಲಿ ಒಪ್ಪಬಾರದು.

ಕೈಬರಹದ ಬೋರ್ಡಿಗೆ ತಗಡು ಸಿದ್ಧಮಾಡುವುದೇ ಅರ್ಧ ಕೆಲಸ. ಹೊಸ ಜಿಐ (ಸತುವಿನ ಲೇಪವಿರುವ ಕಬ್ಬಿಣದ) ತಗಡಿನ ಮೇಲೆ ನೇರವಾಗಿ ಎನಾಮೆಲ್ ಬಳಿದರೆ ಮೊದಲು ಚೆನ್ನಾಗಿಯೇ ಕಾಣುತ್ತದೆ, ಆಮೇಲೆ ಹಾಳೆಯಂತೆ ಕಿತ್ತುಬರುತ್ತದೆ. ಬಣ್ಣದಲ್ಲಿರುವ ಎಣ್ಣೆಯ ಅಂಶ ತಗಡಿನ ಸತುವಿನ ಜೊತೆ ವರ್ತಿಸಿ ನಡುವೆ ಸೋಪಿನಂಥ ಪದರ ಕಟ್ಟುವುದು ಕಾರಣ. ಬಣ್ಣದ ಕಂಪನಿಯನ್ನು ಬೈದು ಪ್ರಯೋಜನವಿಲ್ಲ. ತಗಡನ್ನು 220ರ ಉಜ್ಜುಕಾಗದದಿಂದ ಉಜ್ಜಿ, ಥಿನ್ನರ್ ಬಟ್ಟೆಯಿಂದ ಜಿಡ್ಡು ತೆಗೆದು, ಸತುವಿಗೆಂದೇ ಇರುವ ಎಚ್ (etch) ಪ್ರೈಮರ್ ಒಂದು ಕೈ ಕೊಟ್ಟು, ಆಮೇಲೆ ಎರಡು ಕೈ ಎನಾಮೆಲ್. ರೆಡ್ ಆಕ್ಸೈಡ್ ಕಬ್ಬಿಣದ ಚೌಕಟ್ಟಿಗೆ ಸರಿ, ಜಿಐಗೆ ಅದೊಂದೇ ಸಾಲದು. ಪ್ರತಿ ಕೈಗೂ ಒಂದು ರಾತ್ರಿ ಒಣಗಲು ಬಿಡಬೇಕು. ಹಳದಿ ಬಣ್ಣ ಹಿನ್ನೆಲೆಯನ್ನು ಮುಚ್ಚುವುದು ಕಡಿಮೆ. ಕಪ್ಪಿನ ಮೇಲೆ ಹಳದಿ ಅಕ್ಷರ ಬೇಕಿದ್ದರೆ ಅಡಿಗೆ ಬಿಳಿ ಬರೆದು ಮೇಲೆ ಹಳದಿ ಹಚ್ಚಬೇಕು. ಬಿಸಿಲಿಗೆ ಮೊದಲು ಸೋಲುವುದು ಕೆಂಪು.

ಸೀಮೆಸುಣ್ಣದ ಪುಡಿ ಸವರಿದ ದಾರ ಎಳೆದು ಮಿಡಿದರೆ ನಾಲ್ಕೂ ಗೆರೆ ಮೂಡುತ್ತವೆ. ವೃತ್ತವನ್ನು ಒಂದೇ ಉಸಿರಿಗೆ ಸುತ್ತುವುದಿಲ್ಲ. ಮೇಲಿಂದ ಎಡಕ್ಕೆ ಅರ್ಧ, ಮತ್ತೆ ಮೇಲಿಂದ ಬಲಕ್ಕೆ ಅರ್ಧ, ತಳದಲ್ಲಿ ಎರಡೂ ಸೇರಬೇಕು. ಇನ್ನೊಂದು ಕೈಯಲ್ಲಿ ತುದಿಗೆ ಬಟ್ಟೆ ಸುತ್ತಿದ ಕೋಲು, ಅದರ ಮೇಲೆ ಮಣಿಕಟ್ಟು. ಬಣ್ಣ ಎಳೆ ಬಿಡದೆ ಓಡುವಷ್ಟು ಮಾತ್ರ ಟರ್ಪೆಂಟೈನ್. ಹೆಚ್ಚಾದರೆ ಸೀಳಿನೊಳಕ್ಕೆ ಇಳಿದು ಧ ಮತ್ತೆ ದ ಆಗುತ್ತದೆ. ಗುಂಡು ಅಕ್ಷರವನ್ನು ತಳದ ಗೆರೆಯ ಮೇಲೆ ಕರಾರುವಾಕ್ಕಾಗಿ ನಿಲ್ಲಿಸಿದರೆ ಕಣ್ಣಿಗೆ ಚಿಕ್ಕದಾಗಿ ಕಾಣುತ್ತದೆ. ಗೆರೆಗಿಂತ ಕೂದಲೆಳೆಯಷ್ಟು ಕೆಳಗೆ ಇಳಿಸುವುದು ಪಳಗಿದ ಕೈಯ ಗುರುತು.

ಕಂಪ್ಯೂಟರಿನಲ್ಲಿ ಕತ್ತರಿಸುವ ವಿನೈಲ್ ಕೆಲಸದ ತೊಂದರೆಗಳೇ ಬೇರೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಒಂದು ಅಕ್ಷರ ಎರಡು ಮೂರು ಚೂರುಗಳ ಜೋಡಣೆ, ಚೂರುಗಳು ಒಂದರ ಮೇಲೊಂದು ಹಾಯ್ದಿರುತ್ತವೆ. ಪರದೆಯ ಮೇಲೆ ಕಪ್ಪಾಗಿ ಒಂದೇ ಆಗಿ ಕಾಣುವುದರಿಂದ ತಿಳಿಯುವುದಿಲ್ಲ. ಬ್ಲೇಡು ಮಾತ್ರ ಹಾಯ್ದ ಗೆರೆಯನ್ನೆಲ್ಲ ಕತ್ತರಿಸಿ ಅಕ್ಷರವನ್ನು ತುಂಡುಮಾಡುತ್ತದೆ. ಅಕ್ಷರಗಳನ್ನು ಕರ್ವ್ಸ್ (ಬರೀ ಗೆರೆಯ ಆಕಾರ) ಮಾಡಿ, ವೆಲ್ಡ್ ಕೊಟ್ಟು ಚೂರುಗಳನ್ನು ಒಂದಾಗಿ ಬೆಸೆದು, ಬರೀ ಹೊರಗೆರೆ ಇಟ್ಟು ನೋಡಿದ ಮೇಲೆ ಯಂತ್ರಕ್ಕೆ ಕಳಿಸಬೇಕು. ಗಿರಾಕಿ ವಾಟ್ಸಾಪಿನಲ್ಲಿ ಕಳಿಸಿದ ಯೂನಿಕೋಡ್ ಹೆಸರನ್ನು ಹಳೆಯ ತಂತ್ರಾಂಶಕ್ಕೆ ಅಂಟಿಸಿದರೆ ಒತ್ತುಗಳು ಬಿಡಿಬಿಡಿಯಾಗಿ ಬೀಳಬಹುದು. ‘ಹಾರ್ಡ್‌ವೇರ್’ ಎಂಬುದು ‘ಹಾರ್ಡ್ವೇರ್’ ಆಗುವುದು ನಡುವಿನ ಕಾಣದ ತಡೆಯಕ್ಷರ ಕಳೆದುಹೋದಾಗ. ಅರ್ಕಾವೊತ್ತು ಸಿಗದೆ ಒಂಬತ್ತರ ಅಂಕಿ ಹಾಕುವವರೂ ಇದ್ದಾರೆ. ಯಂತ್ರಕ್ಕೆ ಹಾಕುವ ಮುನ್ನ ಕಾಗದದ ಮೇಲೆ ಅಚ್ಚು ತೆಗೆದು ಗಿರಾಕಿಯ ಸಹಿ ಹಾಕಿಸಿಕೊಳ್ಳಿ.

ಎಲ್‌ಇಡಿ ಅಕ್ಷರಗಳಲ್ಲಿ ಒತ್ತು ದುಡ್ಡಿನ ಪ್ರಶ್ನೆಯೂ ಹೌದು. ನಮ್ಮ ಉದಾಹರಣೆಯ ಎಂಟು ಅಕ್ಷರದಲ್ಲಿ ಒತ್ತು ಆರು, ದೀರ್ಘ ಎರಡು. ಎಲ್ಲವನ್ನೂ ಬಿಡಿಯಾಗಿ ಎಣಿಸಿದರೆ 16 ತುಂಡು. ಕ್ಷ ಜೋಡಿಕೊಂಡ ಶೈಲಿಯಾದರೆ ಒಂದು ಕಡಿಮೆ. ಒಂದೊಂದು ತುಂಡಿಗೂ ದೀಪ ಕೂರಿಸುವ ಪ್ರತ್ಯೇಕ ಡಬ್ಬಿ, ಎರಡು ಮೂರು ಬೋಲ್ಟು, ವೈರಿಗೊಂದು ತೂತು. ಅಕ್ಷರ ಲೆಕ್ಕದಲ್ಲಿ ದರ ಹೇಳಿದವನು ಕೈ ಸುಟ್ಟುಕೊಳ್ಳುತ್ತಾನೆ.

ಒಡಲಿನ ಗೆರೆ ಒಂದೂಕಾಲು ಇಂಚಿದ್ದರೆ ಒತ್ತಿನ ಗೆರೆ ಮುಕ್ಕಾಲು ಇಂಚಿಗೆ, ಅಂದರೆ ಸುಮಾರು 19 ಮಿಲಿಮೀಟರಿಗೆ ಬರುತ್ತದೆ. ಮಾಮೂಲಿ ಮೂರು ದೀಪದ ಮಾಡ್ಯೂಲು (ಎಲ್‌ಇಡಿ ಕೂರಿಸಿದ ಪುಟ್ಟ ಪಟ್ಟಿ) ಸುಮಾರು 15 ಮಿಲಿಮೀಟರ್ ಅಗಲ, 70 ಉದ್ದ. ನೇರ ಗೆರೆಯಲ್ಲಿ ಹೇಗೋ ಕೂರುತ್ತದೆ, ಒತ್ತಿನ ಸುತ್ತಿನಲ್ಲಿ ಕೂರುವುದಿಲ್ಲ. ಅಲ್ಲಿಗೆ ಒಂಟಿ ದೀಪದ ಚಿಕ್ಕ ಮಾಡ್ಯೂಲೇ ಬೇಕು. ಅದಕ್ಕೆ ಬೇಸರಪಟ್ಟು ಒತ್ತನ್ನು ದೀಪವಿಲ್ಲದ ಬರೀ ಅಕ್ರಿಲಿಕ್ಕಿನಲ್ಲಿ ಅಂಟಿಸಿಬಿಡುವ ಚಾಳಿ ಇದೆ. ಹಗಲಿಗೆ ಗೊತ್ತಾಗದು. ಕತ್ತಲಾದ ಮೇಲೆ ಅಂಗಡಿಯ ಹೆಸರು ‘ಶೀ ಲಕೀ ಎಲೆಕಿಕಲ್’!

ಡಬ್ಬಿಯ ಆಳ 3 ಇಂಚಿದ್ದರೆ ಮಾಡ್ಯೂಲುಗಳ ನಡುವೆಯೂ ಸುಮಾರು 3 ಇಂಚು. ಆಳ ಕಡಿಮೆಮಾಡಿ ಅಂತರ ಹಾಗೇ ಬಿಟ್ಟರೆ ಮುಖದ ಮೇಲೆ ದೀಪದ ಚುಕ್ಕಿಗಳು ಎದ್ದು ಕಾಣುತ್ತವೆ. 1.2 ವಾಟಿನ 60 ಮಾಡ್ಯೂಲು ಅಂದರೆ 72 ವಾಟ್, 12 ವೋಲ್ಟಿನಲ್ಲಿ 6 ಆಂಪಿಯರ್. ಪವರ್ ಸಪ್ಲೈಯನ್ನು ಶೇ 80ಕ್ಕಿಂತ ಹೆಚ್ಚು ಹೊರಿಸಬಾರದು, ಆದ್ದರಿಂದ 100 ವಾಟಿನದು, ಅದೂ ಮಳೆ ತಡೆಯುವ ಮಾದರಿ. ಒಂದೇ ತುದಿಯಿಂದ ಎಲ್ಲ ಅಕ್ಷರಗಳಿಗೂ ಸರಪಳಿಯಂತೆ ವೈರು ಎಳೆದರೆ ಕೊನೆಯ ‘ಲ್ಸ್’ ಮಂಕಾಗುತ್ತದೆ, ನಡುವಿನಿಂದ ಎರಡೂ ಕಡೆಗೆ ಕವಲು ಕೊಡಬೇಕು. ಕಬ್ಬಿಣದ ಚೌಕಟ್ಟಿಗೆ ಅರ್ಥಿಂಗ್ ಕಡ್ಡಾಯ.

ಮಳೆನೀರು ಒಳಗೆ ಬರದಂತೆ ತಡೆಯುವುದಕ್ಕಿಂತ ಬಂದದ್ದು ಹೊರಹೋಗುವಂತೆ ಮಾಡುವುದು ಜಾಣತನ. ಪ್ರತಿ ತುಂಡಿನ ಅತಿ ತಗ್ಗಿನ ಜಾಗದಲ್ಲಿ 5 ಮಿಲಿಮೀಟರಿನ ತೂತು ಇರಲಿ. ಲ, ಎ ಥರದ ಅಕ್ಷರಗಳಿಗೆ ತಳದಲ್ಲಿ ಎರಡು ತಗ್ಗುಗಳಿರುವುದರಿಂದ ಎರಡು ತೂತು, ಒತ್ತಿಗೆ ಅದರದ್ದೇ ಒಂದು. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿಗೆ 304 ದರ್ಜೆಯ ಸ್ಟೀಲಿನ ಮೇಲೂ ಕಂದು ಕಲೆ ಏಳುತ್ತದೆ, ಅಲ್ಲಿಗೆ 316 ಹಾಕಬೇಕು. ಪವರ್ ಸಪ್ಲೈಯನ್ನು ಬೋರ್ಡಿನ ಹಿಂದೆ ಹೂಳಬೇಡಿ, ಷಟರಿನ ಒಳಗೆ ಏಣಿಯಿಲ್ಲದೆ ಕೈಗೆಟಕುವಂತಿರಲಿ. ಮೊದಲು ಕೆಡುವ ಭಾಗ ಅದೇ.