ನಾಲ್ಕು ದಿನದ ಆಫ್ರಿಕಾ ಪ್ರಯಾಣಕ್ಕೆ ಆರು ವಾರದ ಲೆಕ್ಕ

ಬೆಂಗಳೂರಿನ ಕಂಪನಿಗಳು ಈಗ ತಮ್ಮ ಉದ್ಯೋಗಿಗಳನ್ನು ಅಮೆರಿಕ, ಜರ್ಮನಿಗಳಿಗೆ ಮಾತ್ರ ಕಳಿಸುವುದಿಲ್ಲ. ಬ್ಯಾಂಕಿನ ತಂತ್ರಾಂಶ ಅಳವಡಿಸಲು ಕೆನ್ಯಾದ ನೈರೋಬಿಗೆ, ಸೌರ ಘಟಕ ನೋಡಲು ಉಗಾಂಡಾದ ಕಂಪಾಲಾಕ್ಕೆ, ಮಾರಾಟದ ಮಾತುಕತೆಗೆ ನೈಜೀರಿಯಾದ ಲಾಗೋಸಿಗೆ ಹೊರಟವರು ನನ್ನ ಕ್ಲಿನಿಕ್ಕಿಗೆ ಬರುತ್ತಲೇ ಇರುತ್ತಾರೆ. ಹೆಚ್ಚಿನವರದು ಒಂದೇ ಮಾತು: “ನಾಲ್ಕೇ ದಿನ ಡಾಕ್ಟರೇ. ಹೋಟೆಲು ಬಿಟ್ಟರೆ ಕಚೇರಿ, ಕಚೇರಿ ಬಿಟ್ಟರೆ ಹೋಟೆಲು. ಇಷ್ಟಕ್ಕೆ ಏನು ಬೇಕಾಗುತ್ತದೆ?” ಪ್ರಯಾಣ ಚಿಕ್ಕದಾದಷ್ಟೂ ತೊಂದರೆ ಕಡಿಮೆ ಎಂಬ ಈ ನಂಬಿಕೆಯನ್ನು ಬಿಡಿಸುವುದೇ ನನ್ನ ಕೆಲಸದ ಅರ್ಧಭಾಗ. ಕೆಲವು ವಿಷಯಗಳಲ್ಲಿ ಪ್ರಯಾಣ ಚಿಕ್ಕದಾಗಿರುವುದೇ ತೊಂದರೆಗೆ ಕಾರಣ.

ಮೊದಲನೆಯದು ಹಳದಿ ಜ್ವರದ ಲಸಿಕೆ. ಈ ರೋಗ ಭಾರತದಲ್ಲಿಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ, ಅಂದರೆ ನಮಗೆ ಡೆಂಗಿ ತರುವ ಅದೇ ಸೊಳ್ಳೆ, ನಮ್ಮ ಮನೆಯ ಹೂಕುಂಡದ ತಟ್ಟೆಯಲ್ಲೇ ಹುಟ್ಟುತ್ತದೆ. ರೋಗಾಣು ಒಮ್ಮೆ ಒಳಗೆ ಬಂದರೆ ತಡೆಯುವುದು ಕಷ್ಟ. ಆದ್ದರಿಂದಲೇ ನಮ್ಮ ಸರ್ಕಾರದ ನಿಯಮ ಕಟ್ಟುನಿಟ್ಟಾಗಿದೆ: ಹಳದಿ ಜ್ವರವಿರುವ ದೇಶದಿಂದ ಬರುವವರ ಬಳಿ ಲಸಿಕೆಯ ಪ್ರಮಾಣಪತ್ರ, ಅಂದರೆ ಹಳದಿ ಕಾರ್ಡ್, ಇರಲೇಬೇಕು. ಕೆನ್ಯಾಕ್ಕೆ ಭಾರತದಿಂದ ನೇರವಾಗಿ ಹೋಗುವವರನ್ನು ಅಲ್ಲಿ ಸಾಮಾನ್ಯವಾಗಿ ಈ ಕಾರ್ಡ್ ಕೇಳುವುದಿಲ್ಲ. ಕೇಳುವುದು ನಮ್ಮಲ್ಲಿ, ಮರಳಿ ಬಂದು ಇಳಿದಾಗ. ಅಂಥ ದೇಶದಲ್ಲಿ ವಿಮಾನ ಬದಲಿಸುವಾಗ ನಿಲ್ದಾಣದಿಂದ ಹೊರಬಂದು ಒಂದು ರಾತ್ರಿ ತಂಗಿದ್ದರೂ ಈ ನಿಯಮ ಅನ್ವಯಿಸುತ್ತದೆ.

ಪ್ರಮಾಣಪತ್ರ ಊರ್ಜಿತವಾಗುವುದು ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರ. ತಿಂಗಳ ಮಟ್ಟಿಗೆ ಹೋಗುವವರು ಹೊರಡುವ ಹಿಂದಿನ ದಿನ ಹಾಕಿಸಿಕೊಂಡರೂ, ರೋಗದಿಂದ ರಕ್ಷಣೆ ತಡವಾಗಿ ಸಿಗುತ್ತದೆಯಾದರೂ, ಮರಳುವ ಹೊತ್ತಿಗೆ ಕಾರ್ಡ್ ಊರ್ಜಿತವಾಗಿರುತ್ತದೆ. ನಾಲ್ಕು ದಿನಕ್ಕೆ ಹೋಗಿ ಬಂದವರ ಕಾರ್ಡಿಗೆ ಆ ಹೊತ್ತಿಗೆ ಐದಾರು ದಿನವಷ್ಟೇ ಆಗಿರುತ್ತದೆ. ಆಗ ಅದು ಊರ್ಜಿತವಾಗುವವರೆಗೆ ಅಥವಾ ಗರಿಷ್ಠ ಆರು ದಿನ ಕ್ವಾರಂಟೈನ್‌ನಲ್ಲಿ ಇರಬೇಕಾಗುತ್ತದೆ. ಹಾಗಾಗಿ ಕಂಪನಿಗಳ ಮಾನವ ಸಂಪನ್ಮೂಲ ವಿಭಾಗದವರಲ್ಲಿ ನನ್ನ ವಿನಂತಿ: ವೀಸಾ ಅರ್ಜಿ ತುಂಬುವ ದಿನವೇ ಲಸಿಕೆಗೂ ದಿನ ಗೊತ್ತು ಮಾಡಿಸಿ.

ಈ ಲಸಿಕೆಯನ್ನು ಎಲ್ಲ ಆಸ್ಪತ್ರೆಗಳಲ್ಲೂ ಹಾಕುವುದಿಲ್ಲ. ಕೆ.ಆರ್. ವೃತ್ತದ ಬಳಿ ಶೇಷಾದ್ರಿ ರಸ್ತೆಯಲ್ಲಿರುವ ಸಾರ್ವಜನಿಕ ಆರೋಗ್ಯ ಸಂಸ್ಥೆಯಂಥ, ಕೇಂದ್ರ ಸರ್ಕಾರದ ಮಾನ್ಯತೆ ಪಡೆದ ಕೆಲವೇ ಕಡೆ ಇದು ಲಭ್ಯ. ಮೊದಲೇ ವಿಚಾರಿಸಿ, ಪಾಸ್‌ಪೋರ್ಟ್ ಜೊತೆಗಿಟ್ಟುಕೊಂಡು ಹೋಗಿ. ಹಳದಿ ಕಾರ್ಡ್ ಕೈಗೆ ಬಂದಾಗ ಅಲ್ಲೇ ನಿಂತು ಓದಿ. ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ, ಪಾಸ್‌ಪೋರ್ಟ್ ಸಂಖ್ಯೆ ಸರಿಯಿದೆಯೇ, ಲಸಿಕೆಯ ಬ್ಯಾಚ್ ಸಂಖ್ಯೆ, ದಿನಾಂಕ, ವೈದ್ಯರ ಸಹಿ, ಕೇಂದ್ರದ ಮೊಹರು ಇವೆಯೇ ಎಂದು ನೋಡಿ. ಒಮ್ಮೆ ಹಾಕಿಸಿಕೊಂಡರೆ ಸಾಕು. 2016ರ ಜುಲೈನಿಂದ ಈ ಪ್ರಮಾಣಪತ್ರಕ್ಕೆ ಜೀವನಪರ್ಯಂತ ಮಾನ್ಯತೆಯಿದೆ, ಹತ್ತು ವರ್ಷ ಎಂದು ಬರೆದಿರುವ ಹಳೆಯ ಕಾರ್ಡಿಗೂ ಇದೆ. ಇದು ಜೀವಂತ ವೈರಸ್‌ನ ಲಸಿಕೆ. ಮೊಟ್ಟೆಯ ತೀವ್ರ ಅಲರ್ಜಿ ಇರುವವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುತ್ತಿರುವವರು, ಅರವತ್ತು ದಾಟಿದವರು ಪ್ರಯಾಣಕ್ಕೆ ಒಪ್ಪುವ ಮೊದಲೇ ವೈದ್ಯರೊಡನೆ ಮಾತಾಡಬೇಕು.

ಎರಡನೆಯದು ಮಲೇರಿಯಾ. ನನಗೆ ಹೆಚ್ಚು ಚಿಂತೆ ಇದರದೇ. “ನಾವೂ ಸೊಳ್ಳೆ ಕಡಿಸಿಕೊಂಡೇ ಬೆಳೆದವರು” ಎನ್ನುತ್ತಾರೆ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಎಂದು ಮುಂದೆ ತೋರಿಸಿಕೊಟ್ಟ ರೊನಾಲ್ಡ್ ರಾಸ್ 1883ರಲ್ಲಿ ಇದೇ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದಾಗ, ನಿಂತ ನೀರನ್ನು ಚೆಲ್ಲಿಸಿದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂಬುದನ್ನು ಕಂಡುಕೊಂಡ. ಅದು ಅಂದಿನ ಮಾತು. ಇಂದಿನ ಬೆಂಗಳೂರಿಗರಲ್ಲಿ ಮಲೇರಿಯಾ ಬಂದವರೇ ವಿರಳ, ಹಾಗಾಗಿ ಅದರ ವಿರುದ್ಧ ಮೈಯಲ್ಲಿ ಯಾವ ಬಲವೂ ಇಲ್ಲ. ಆಫ್ರಿಕಾದಲ್ಲಿ ಹೆಚ್ಚಾಗಿರುವುದು ಫಾಲ್ಸಿಪ್ಯಾರಂ ಎಂಬ ಮಾರಕ ಬಗೆ. ಹಳೆಯ ಕ್ಲೋರೋಕ್ವಿನ್ ಮಾತ್ರೆ ಅದರ ಮುಂದೆ ನಡೆಯುವುದಿಲ್ಲ.

ಊರು ಯಾವುದು ಎನ್ನುವುದೂ ಮುಖ್ಯ. ನೈರೋಬಿ 1,700 ಮೀಟರಿಗಿಂತ ಎತ್ತರದಲ್ಲಿದೆ, ಹವೆ ತಂಪು, ನಗರದೊಳಗೆ ಮಲೇರಿಯಾದ ಅಪಾಯ ಕಡಿಮೆ. ಆದರೆ ಸಭೆ ಮುಗಿದ ಮೇಲೆ ಗ್ರಾಹಕರು “ಒಂದು ದಿನ ಮೊಂಬಾಸಾದ ಗೋದಾಮು ನೋಡಿಬಿಡಿ” ಎನ್ನುತ್ತಾರೆ. ಕಡಲ ತೀರದ ಮೊಂಬಾಸಾ ಆಗಲಿ, ವಿಕ್ಟೋರಿಯಾ ಸರೋವರದ ದಡದ ಕಿಸುಮು ಆಗಲಿ ಬೇರೆಯೇ ಲೋಕ. ಕಾರ್ಯಕ್ರಮಪಟ್ಟಿಯಲ್ಲಿ ಇರುವ ಊರುಗಳನ್ನಷ್ಟೇ ಅಲ್ಲ, ಸೇರಬಹುದಾದ ಊರುಗಳನ್ನೂ ವೈದ್ಯರಿಗೆ ತಿಳಿಸಿ.

ತಡೆಮಾತ್ರೆಗಳಲ್ಲಿ ನಾನು ಸಾಮಾನ್ಯವಾಗಿ ಬರೆದುಕೊಡುವುದು ಎರಡನ್ನು. ಅಟೊವಕ್ವೋನ್-ಪ್ರೊಗ್ವಾನಿಲ್ ಪಿತ್ತಜನಕಾಂಗದಲ್ಲಿ ಅಡಗಿರುವ ಮಲೇರಿಯಾದ ಪರೋಪಜೀವಿಯನ್ನೂ ತಡೆಯುವುದರಿಂದ ಮರಳಿದ ಮೇಲೆ ಏಳು ದಿನ ನುಂಗಿದರೆ ಸಾಕು. ಡಾಕ್ಸಿಸೈಕ್ಲಿನ್ ಅಗ್ಗ, ಆದರೆ ಅದು ಮುಖ್ಯವಾಗಿ ಕೆಲಸ ಮಾಡುವುದು ಪರೋಪಜೀವಿ ರಕ್ತಕ್ಕೆ ಇಳಿದ ಮೇಲೆ. ಅದನ್ನು ನಾಲ್ಕು ವಾರ ಮುಂದುವರಿಸಬೇಕು. ಎರಡನ್ನೂ ಹೊರಡುವ ಒಂದೆರಡು ದಿನ ಮೊದಲು ಆರಂಭಿಸಬೇಕು. ಮನೆಗೆ ಬಂದ ಖುಷಿಯಲ್ಲಿ ಮಾತ್ರೆಯ ಪಟ್ಟಿಯನ್ನು ಸೂಟ್‌ಕೇಸಿನಲ್ಲೇ ಬಿಟ್ಟರೆ ಅಲ್ಲಿ ನುಂಗಿದ್ದೂ ವ್ಯರ್ಥವಾಗಬಹುದು. ಮಲೇರಿಯಾ ಹರಡುವ ಸೊಳ್ಳೆ ಕಡಿಯುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ. ಹವಾನಿಯಂತ್ರಿತ ಕೋಣೆಗಿಂತ ಹೋಟೆಲಿನ ತೆರೆದ ಅಂಗಳದಲ್ಲಿ ನಡೆಯುವ ರಾತ್ರಿಯೂಟವೇ ಅಪಾಯದ ಜಾಗ. ತುಂಬುತೋಳಿನ ಅಂಗಿ, ಸಾಕ್ಸ್, ಡೀಟ್ (DEET) ಎಂಬ ರಾಸಾಯನಿಕ ಇರುವ ಸೊಳ್ಳೆ ನಿರೋಧಕ ಅಲ್ಲಿ ಬೇಕು.

ಊಟ, ನೀರಿನ ಎಚ್ಚರಿಕೆ ನಮ್ಮವರಿಗೆ ಹೊಸದಲ್ಲ: ಮೊಹರಾದ ಬಾಟಲಿ ನೀರು, ಬಿಸಿ ಊಟ, ಐಸ್ ಬೇಡ, ಚೀಲದಲ್ಲಿ ನಾಲ್ಕು ಓಆರ್‌ಎಸ್ ಪೊಟ್ಟಣ. ಟೈಫಾಯ್ಡ್ ಲಸಿಕೆ ಎರಡು ವಾರ ಮೊದಲು ಆಗಿದ್ದರೆ ಒಳ್ಳೆಯದು. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ಸಾಮಾನು ವಿಭಾಗದಲ್ಲಿ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು.

ಇನ್ನು ಮರಳಿ ಬಂದ ಮೇಲಿನ ಮಾತು. ಫಾಲ್ಸಿಪ್ಯಾರಂ ಹೊತ್ತ ಸೊಳ್ಳೆ ಕಡಿದ ಮೇಲೆ ಜ್ವರ ಬರಲು ಸಾಮಾನ್ಯವಾಗಿ ಕನಿಷ್ಠ ಒಂದು ವಾರ ಹಿಡಿಯುತ್ತದೆ. ಆದ್ದರಿಂದ ನಾಲ್ಕು ದಿನ ಹೋಗಿಬಂದವರಿಗೆ ಜ್ವರ ಬರುವುದು ಮೊಂಬಾಸಾದಲ್ಲಿ ಅಲ್ಲ, ಜಯನಗರದಲ್ಲೋ ವೈಟ್‌ಫೀಲ್ಡಿನಲ್ಲೋ. ಮೊಂಬಾಸಾದ ವೈದ್ಯರಾದರೆ ಜ್ವರ ಎಂದ ಕೂಡಲೇ ಮಲೇರಿಯಾ ಪರೀಕ್ಷೆ ಮಾಡುತ್ತಾರೆ. ಇಲ್ಲಿ ಮಳೆಗಾಲವಾದರೆ ಎಲ್ಲರ ಮನಸ್ಸಿಗೂ ಮೊದಲು ಬರುವುದು ಡೆಂಗಿ. ಪ್ಲೇಟ್‌ಲೆಟ್ ಕಡಿಮೆ ಎಂದು ವರದಿ ಬಂದರೆ ಆ ಊಹೆ ಇನ್ನಷ್ಟು ಗಟ್ಟಿಯಾಗುತ್ತದೆ. ಮಲೇರಿಯಾದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಫಾಲ್ಸಿಪ್ಯಾರಂ ಚಿಕಿತ್ಸೆಯಲ್ಲಿ ಒಂದೆರಡು ದಿನ ತಡವಾದರೂ ಮಿದುಳು, ಮೂತ್ರಪಿಂಡಗಳಿಗೆ ತಗುಲಬಹುದು.

ಮರಳಿದ ಮೂರು ತಿಂಗಳೊಳಗೆ ಜ್ವರ ಬಂದರೆ, ತಡೆಮಾತ್ರೆ ತಪ್ಪದೆ ನುಂಗಿದ್ದರೂ, ಅದೇ ದಿನ ಆಸ್ಪತ್ರೆಗೆ ಹೋಗಿ. ವೈದ್ಯರು ಕೇಳಲಿ ಬಿಡಲಿ, ಯಾವ ದೇಶ, ಯಾವ ಊರು, ಬಂದು ಎಷ್ಟು ದಿನವಾಯಿತು ಎಂಬುದನ್ನು ಮೊದಲೇ ಹೇಳಿ ಮಲೇರಿಯಾದ ರಕ್ತಪರೀಕ್ಷೆ ಮಾಡಿಸಿ. ಮೊದಲ ಸಲ ಪರೋಪಜೀವಿ ಕಾಣದಿದ್ದರೆ ಅಲ್ಲಿಗೇ ಬಿಡಬೇಡಿ. ಜ್ವರ ಇಳಿಯದಿದ್ದರೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಮತ್ತೊಮ್ಮೆ ರಕ್ತ ಕೊಡಿ, ಅಗತ್ಯವಾದರೆ ಮೂರನೆಯ ಸಲವೂ ಕೊಡಿ.