ಹೊಗೆಯಾಗಿ ಹೋಗುವ ಸೌದೆ

ಪರಿಸರಕ್ಕಾಗಿ ಮನೆಯಲ್ಲಿ ಏನು ಮಾಡಬಹುದು ಎಂದು ಕೇಳಿದರೆ ‘ಲೈಟ್ ಆರಿಸಿ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಆರಿಸಬೇಕಾದ್ದೇ. ಆದರೆ ಕೊಡಗಿನ ಮನೆಗಳಲ್ಲಿ ಮೊದಲು ನೋಡಬೇಕಾದ ಜಾಗ ಬಚ್ಚಲುಮನೆ. 20 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಸುಮಾರು 0.58 ಯೂನಿಟ್ ಶಕ್ತಿ ಬೇಕು. ಅಷ್ಟರಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು 64 ಗಂಟೆ ಉರಿಯುತ್ತದೆ. ಮಳೆಗಾಲದಲ್ಲಿ ಮನೆಮಂದಿಯೆಲ್ಲ ಬಿಸಿನೀರಿಗೆ ಕಾಯುವ ನಮ್ಮಲ್ಲಿ ಬಲ್ಬಿನ ಉಳಿತಾಯ ಎಲ್ಲಿ ಸಾಲುತ್ತದೆ?

ತೋಟ ಇರುವವರ ಮನೆಯಲ್ಲಿ ಹಂಡೆಯ ಒಲೆಗೆ ಬರುವುದು ತೋಟದ್ದೇ ಸೌದೆ. ಮಳೆಗೆ ಮುಂಚಿನ ಮರ ಕಪಾತಿನಲ್ಲಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವಾಗ, ಇಳಿಸಿದ ಸಿಲ್ವರ್ ಓಕ್, ಹಾಲುವಾಣದ ಕೊಂಬೆಗಳು, ಕಿತ್ತುಹಾಕಿದ ಹಳೇ ಕಾಫಿ ಗಿಡಗಳು. ಸುಟ್ಟಾಗ ಹೊರಬಿದ್ದ ಇಂಗಾಲದ ಡೈಆಕ್ಸೈಡನ್ನು ಮತ್ತೆ ಚಿಗುರುವ ಮರ ಹೀರಿಕೊಳ್ಳುತ್ತದೆ, ಹಾಗಾಗಿ ಸೌದೆಯಿಂದ ತೊಂದರೆಯಿಲ್ಲ ಎನ್ನುವುದುಂಟು. ಇದು ಅರ್ಧ ಸತ್ಯ. ಸೌದೆ ಪೂರ್ತಿ ಉರಿದರೆ ಮಾತ್ರ ಈ ಲೆಕ್ಕ ಕೂಡುತ್ತದೆ. ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್, ಮೀಥೇನ್, ಮಸಿಯ ಕಣಗಳು ಹೊರಬೀಳುತ್ತವೆ. ಅದೇ ತೂಕದ ಇಂಗಾಲದ ಡೈಆಕ್ಸೈಡಿಗೆ ಹೋಲಿಸಿದರೆ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಸುಮಾರು 28 ಪಟ್ಟು ಹೆಚ್ಚು ಬಿಸಿ ಮಾಡುತ್ತದೆ. ಮಸಿಯಂತೂ ಮೊದಲು ಸೇರುವುದು ಒಲೆ ಮುಂದೆ ಕೂತವರ ಎದೆಗೂಡನ್ನು.

ಜುಲೈನಲ್ಲಿ ಒಲೆಯ ಬಾಯಿಗೆ ಕೂತು ಒಂದು ಸೌದೆಯ ಹಿಂತುದಿಯನ್ನೇ ನೋಡಿ. ಒಳಗಿನ ತುದಿ ಹೊತ್ತಿಕೊಂಡಂತೆ ಹೊರಗಿನ ತುದಿಯಲ್ಲಿ ನೊರೆ ಉಕ್ಕುತ್ತದೆ, ಸುಯ್ ಎಂದು ಸದ್ದಾಗುತ್ತದೆ, ಕಂದು ಬಣ್ಣದ ನೀರು ನೆಲಕ್ಕೆ ತೊಟ್ಟಿಕ್ಕುತ್ತದೆ. ಆಗಷ್ಟೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ಪಾಲು ನೀರು. ಎರಡು ಕೆ.ಜಿ. ಹಸಿ ಸೌದೆಯಲ್ಲಿರುವ ಒಂದು ಲೀಟರ್ ನೀರನ್ನು ಆವಿ ಮಾಡಲು ಸುಮಾರು 2,600 ಕಿಲೋಜೂಲ್ ಶಾಖ ಬೇಕು. ಮೇಲೆ ಹೇಳಿದ ಬಕೆಟ್ ನೀರಿಗೆ ಬೇಕಾದ 0.58 ಯೂನಿಟ್ ಎಂದರೆ ಸುಮಾರು 2,100 ಕಿಲೋಜೂಲ್ ಮಾತ್ರ! ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ನೀರು ಆವಿಯಾಗುತ್ತಾ ಬೆಂಕಿಯನ್ನು ತಣಿಸುವುದರಿಂದ, ಮರದಿಂದ ಹೊರಟ ಅನಿಲಗಳು ಹೊತ್ತಿಕೊಳ್ಳುವಷ್ಟು ಬಿಸಿ ಒಲೆಯಲ್ಲಿ ಇರುವುದೇ ಇಲ್ಲ. ಅವು ಹಾಗೇ ಹೊಗೆಯಾಗಿ ಹೋಗುತ್ತವೆ. ಕಣ್ಣುರಿಸುವ ಆ ಹೊಗೆ ಉರಿಯಬೇಕಾಗಿದ್ದ ಸೌದೆಯೇ.

ಹಸಿ ಸೌದೆ ಹೊತ್ತದಿದ್ದಾಗ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಹಾಲಿನ ಪ್ಯಾಕೆಟ್, ಗೊಬ್ಬರದ ಚೀಲದ ತುಂಡು, ಹರಿದ ಚಪ್ಪಲಿ ಒಲೆಗೆ ಬೀಳುತ್ತವೆ. ದಯವಿಟ್ಟು ಇದನ್ನು ನಿಲ್ಲಿಸೋಣ. ಪಿವಿಸಿ ಪೈಪು, ವೈರಿನ ಸಿಪ್ಪೆಯಲ್ಲಿ ಕ್ಲೋರಿನ್ ಇರುತ್ತದೆ. ಮಂದ ಬೆಂಕಿಯಲ್ಲಿ ಅದರಿಂದ ಡೈಆಕ್ಸಿನ್ ಎಂಬ ವಿಷಗಳು ಹುಟ್ಟುತ್ತವೆ. ಇವು ಕ್ಯಾನ್ಸರ್ ತರಬಲ್ಲವು, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಹೊತ್ತಿಸಲು ತೆಂಗಿನ ಗರಿ, ಅಡಿಕೆ ಹಾಳೆ, ಒಣಗಿದ ಕಾಫಿ ಕಡ್ಡಿ ಧಾರಾಳ ಸಾಕು.

ಹಾಗಾದರೆ ಸೌದೆ ಒಣಗಿಸುವುದು ಹೇಗೆ? ಏಪ್ರಿಲ್, ಮೇನಲ್ಲಿ ಕಡಿದದ್ದನ್ನು ಜುಲೈನಲ್ಲೇ ಸುಡುವುದು ನಮ್ಮ ತೊಂದರೆಯ ಮೂಲ. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಒಂದು ಬಿಸಿಲುಗಾಲವಾದರೂ ಅದಕ್ಕೆ ಸಿಗಬೇಕು. ಅಂದರೆ ಎರಡು ರಾಶಿ ಬೇಕು: ಈ ವರ್ಷ ಕಡಿದದ್ದು ಮುಂದಿನ ಮಳೆಗೆ, ಕಳೆದ ವರ್ಷದ್ದು ಈ ಮಳೆಗೆ. ಜಾಗ ಹಿಡಿಯುತ್ತದೆ, ನಿಜ. ತೊಗಟೆ ನೀರನ್ನು ಸುಲಭಕ್ಕೆ ಬಿಡುವುದಿಲ್ಲವಾದ್ದರಿಂದ ದಿಮ್ಮಿಯನ್ನು ಹಸಿಯಿರುವಾಗಲೇ ಸೀಳಬೇಕು. ನೆಲಕ್ಕೆ ತಾಗದಂತೆ ಅಡಿಗೆ ಕಲ್ಲೋ ಮರದ ತುಂಡೋ ಕೊಟ್ಟು ಜೋಡಿಸಬೇಕು. ನೀಲಿ ಟಾರ್ಪಾಲನ್ನು ಸುತ್ತಲೂ ಬಿಗಿದು ಕಟ್ಟುವುದು ಸರಿಯಲ್ಲ. ಬೆಳಿಗ್ಗೆ ಅದರ ಒಳಮೈ ಮುಟ್ಟಿ ನೋಡಿ, ಹನಿ ಹನಿ ನೀರು ಅಂಟಿಕೊಂಡಿರುತ್ತದೆ. ಸೌದೆ ಬಿಟ್ಟ ತೇವ ಮತ್ತೆ ಸೌದೆಗೇ ಇಳಿಯುತ್ತದೆ. ಮೇಲಷ್ಟೇ ಮುಚ್ಚಿ, ಪಕ್ಕಗಳನ್ನು ಗಾಳಿಗೆ ಬಿಡಿ. ಒಣಗಿದ ತುಂಡಿನ ತುದಿಯಲ್ಲಿ ಬಿರುಕು ಕಾಣುತ್ತದೆ, ಎರಡನ್ನು ಒಂದಕ್ಕೊಂದು ಬಡಿದರೆ ಟಣ್ ಎನ್ನುತ್ತದೆ.

ಹಂಡೆಗೆ ಮುಚ್ಚಳ ಇರಲಿ, ಬೂದಿ ತೆಗೆದು ಸೌದೆಯ ಅಡಿಗೆ ಗಾಳಿಯಾಡುವಂತೆ ಮಾಡಿ. ಬಿಸಿಲಿನ ತಿಂಗಳುಗಳಿಗೆ ಸೋಲಾರ್ ಹೀಟರ್ ಹಾಕಿಸಿಕೊಂಡರೆ ಒಲೆ ಹಚ್ಚುವ ಪ್ರಮೇಯವೇ ಕಡಿಮೆ. ಪೇಟೆಯಲ್ಲಿ ಗೀಸರ್ ಬಳಸುವವರು ಅದನ್ನು ದಿನವಿಡೀ ಚಾಲೂ ಬಿಡದಿದ್ದರೆ ಸಾಕಷ್ಟು ಉಳಿಯುತ್ತದೆ. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸರಾಸರಿ 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಇದೆ.

ಪ್ಲಾಸ್ಟಿಕ್ ಬೀಳದ ಒಲೆಯ ಬೂದಿ ತೋಟಕ್ಕೆ ಒಳ್ಳೆಯದು. ಜೋರು ಮಳೆಗೆ ಸುಣ್ಣದಂಶ ತೊಳೆದುಹೋಗಿ ಹುಳಿಯಾದ ನಮ್ಮ ಮಣ್ಣಿಗೆ ಅದರಿಂದ ಸುಣ್ಣವೂ ಪೊಟ್ಯಾಷೂ ಸಿಗುತ್ತವೆ. ತೆಳ್ಳಗೆ ಎರಚಿ. ಯೂರಿಯಾ ಅಥವಾ ಹಸಿ ಸಗಣಿಯ ಜೊತೆ ಮಾತ್ರ ಕಲಸಬೇಡಿ, ಅವುಗಳಲ್ಲಿರುವ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತದೆ.